‘ಹೂಡಿಕೆದಾರರ ಸಂಪತ್ತು ಕರಗಿತು’: ಷೇರುಪೇಟೆಯ ಸುದ್ದಿಯನ್ನು ಹಂತ ಹಂತವಾಗಿ ಓದುವ ಬಗೆ

2024ರ ಜೂನ್ 4, ಮಂಗಳವಾರ. ಲೋಕಸಭಾ ಚುನಾವಣೆಯ ಮತ ಎಣಿಕೆ ನಡೆಯುತ್ತಿತ್ತು. ಮಧ್ಯಾಹ್ನ ಪರಿಚಿತರೊಬ್ಬರು ಫೋನ್ ಮಾಡಿ, ‘ಎಲ್ಲವನ್ನೂ ಮಾರಿಬಿಡಲೇ?’ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಮಾರಿಯೇ ಆಗಿತ್ತು. ಈಕ್ವಿಟಿ ಮ್ಯೂಚುವಲ್ ಫಂಡ್‌ನಿಂದ ಹಣ ಹಿಂಪಡೆಯಲು ಮಧ್ಯಾಹ್ನ 3ರೊಳಗೆ ಕೋರಿಕೆ ಸಲ್ಲಿಸಿದರೆ ಅಂದಿನದೇ ಎನ್‌ಎವಿ, ಅಂದರೆ ಫಂಡ್‌ನ ಒಂದು ಯೂನಿಟ್‌ನ ಅಂದಿನ ಬೆಲೆ, ಸಿಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು, ಅಷ್ಟೇ ಗೊತ್ತಿತ್ತು. ಅಂದು ಸೆನ್ಸೆಕ್ಸ್ 4,390 ಅಂಶ ಕುಸಿಯಿತು. ‘ಹೂಡಿಕೆದಾರರ 31 ಲಕ್ಷ ಕೋಟಿ ರೂಪಾಯಿ ಮಾಯ’ ಎಂದು ಸಂಜೆ ಟಿ.ವಿ.ಗಳು ಕೂಗಿದವು. ಶುಕ್ರವಾರ, ಜೂನ್ 7ರಂದು ಸೆನ್ಸೆಕ್ಸ್ 76,693ರಲ್ಲಿ ಮುಕ್ತಾಯವಾಯಿತು. ಕುಸಿತದ ಹಿಂದಿನ ದಿನ, ಸೋಮವಾರ ಇದ್ದದ್ದು 76,469.

ಪೇಟೆ ಮೂರು ದಿನದಲ್ಲಿ ಚೇತರಿಸಿಕೊಂಡಿದ್ದು ಅದೃಷ್ಟ. ಮೂರು ವರ್ಷವೂ ಹಿಡಿಯಬಹುದಿತ್ತು. ಹಾಗಾಗಿ ‘ಮಾರಬಾರದಿತ್ತು’ ಎಂದು ಈಗ ಹೇಳುವುದು ಸುಲಭದ ಜಾಣತನ. ನನ್ನ ತಕರಾರು ಬೇರೆ: ಮಾರುವ ಮೊದಲು ಅವರು ಒಂದೇ ಒಂದು ಲೆಕ್ಕವನ್ನೂ ಹಾಕಿರಲಿಲ್ಲ. ಯಾವ ಲೆಕ್ಕ, ಯಾವ ಕ್ರಮದಲ್ಲಿ ಎಂಬುದೇ ಈ ಬರಹ. ಕಾಗದ, ಪೆನ್ನು ಮತ್ತು ಇಪ್ಪತ್ತು ನಿಮಿಷ ಸಾಕು.

ಆದರೆ ಒಂದು ಷರತ್ತಿದೆ. ಬ್ರೋಕರ್‌ನಿಂದ ಸಾಲ ಪಡೆದು, ಅಂದರೆ ಮಾರ್ಜಿನ್ ಮೇಲೆ ಷೇರು ಖರೀದಿಸಿದ್ದರೆ ಈ ಬರಹವನ್ನು ಪಕ್ಕಕ್ಕಿಡಿ. ನಿಮ್ಮ ಷೇರನ್ನು ಯಾವಾಗ ಮಾರಬೇಕೆಂದು ಅಲ್ಲಿ ತೀರ್ಮಾನಿಸುವುದು ನೀವಲ್ಲ. ಮೊದಲು ಆ ಬಾಕಿ ತೀರಿಸಿ.

ಮೊದಲ ಹೆಜ್ಜೆ: ಅಂಶಗಳನ್ನು ಶೇಕಡಾವಾರಿಗೆ ಇಳಿಸಿ, ಅಲ್ಲಿಂದ ನಿಮ್ಮ ರೂಪಾಯಿಗೆ ಇಳಿಸಿ

ಸೆನ್ಸೆಕ್ಸ್ ಎಂದರೆ ಮುಂಬೈ ಷೇರುಪೇಟೆಯ 30 ಕಂಪನಿಗಳ ಸೂಚ್ಯಂಕ. 1978–79ನ್ನು ಮೂಲ ವರ್ಷವಾಗಿಟ್ಟು, ಆಗಿನ ಮೌಲ್ಯವನ್ನು 100 ಎಂದು ಹಿಡಿದು ಲೆಕ್ಕ ಶುರುವಾಯಿತು. ನೂರರಿಂದ ಹೊರಟದ್ದು ಎಪ್ಪತ್ತು, ಎಂಬತ್ತು ಸಾವಿರಕ್ಕೆ ಬಂದು ನಿಂತ ಮೇಲೆ ‘ಅಂಶ’ ಎಂಬ ಪದ ತನ್ನ ತೂಕವನ್ನೇ ಕಳೆದುಕೊಂಡಿದೆ. ಮೂರು ಕುಸಿತಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಹರ್ಷದ್ ಮೆಹ್ತಾ ಹಗರಣ ಬಯಲಾದ ದಿನಗಳಲ್ಲಿ, 1992ರ ಏಪ್ರಿಲ್ 28ರಂದು ಸೆನ್ಸೆಕ್ಸ್ 570 ಅಂಶ ಬಿತ್ತು. ಕೋವಿಡ್ ಭೀತಿಯ 2020ರ ಮಾರ್ಚ್ 23ರಂದು 3,935 ಅಂಶ. ಚುನಾವಣಾ ಫಲಿತಾಂಶದ ದಿನ 4,390 ಅಂಶ. ಅಂಶಗಳನ್ನು ನಂಬಿದರೆ ಮೂರನೆಯದು ಎಲ್ಲಕ್ಕಿಂತ ಘೋರ. ಶೇಕಡಾವಾರು ಹಾಕಿ: ಮೊದಲನೆಯದು ಶೇ 12.8ರ ಆಸುಪಾಸು, ಎರಡನೆಯದು ಶೇ 13.15, ಮೂರನೆಯದು ಶೇ 5.74. 570 ಅಂಶದ ಆ ಹಳೆಯ ಕುಸಿತ 4,390 ಅಂಶದ ಕುಸಿತಕ್ಕಿಂತ ಎರಡು ಪಟ್ಟಿಗೂ ಹೆಚ್ಚು ದೊಡ್ಡದು.

ಸೂಚ್ಯಂಕ 80,000ದ ಬಳಿ ಇರುವಾಗ 800 ಅಂಶ ಎಂದರೆ ಶೇ 1. ಇದೊಂದನ್ನು ತಲೆಯಲ್ಲಿಟ್ಟುಕೊಂಡರೆ ‘ಸೆನ್ಸೆಕ್ಸ್ 600 ಅಂಶ ಪತನ’ ಎಂಬ ಶೀರ್ಷಿಕೆ ಓದಿದಾಗ ಎದೆ ಹೊಡೆದುಕೊಳ್ಳುವುದಿಲ್ಲ. ನಂತರ ಅದನ್ನು ನಿಮ್ಮ ಹಣಕ್ಕೆ ಇಳಿಸಿ. ಸೂಚ್ಯಂಕ ನಿಧಿಯಲ್ಲಿ, ಅಂದರೆ ಸೂಚ್ಯಂಕದ ಕಂಪನಿಗಳಲ್ಲೇ ಅದೇ ತೂಕದಲ್ಲಿ ಹಣ ಹೂಡುವ ಫಂಡ್‌ನಲ್ಲಿ, 2 ಲಕ್ಷ ರೂಪಾಯಿ ಇದ್ದರೆ ಶೇ 1ರ ಇಳಿಕೆ ಎಂದರೆ 2,000 ರೂಪಾಯಿ. ಭಯಪಡುವುದಿದ್ದರೆ ಅಷ್ಟಕ್ಕೇ ಭಯಪಡಿ.

ನೀವು ಬಿಡಿ ಷೇರುಗಳನ್ನು ಇಟ್ಟುಕೊಂಡಿದ್ದರೆ ಈ ಲೆಕ್ಕವೂ ಪೂರ್ತಿ ಅನ್ವಯಿಸದು. ಸೂಚ್ಯಂಕದಲ್ಲಿ ಎಲ್ಲ ಕಂಪನಿಗಳಿಗೂ ಸಮಾನ ತೂಕವಿಲ್ಲ; ಮುಕ್ತವಾಗಿ ವಹಿವಾಟಾಗುವ ಷೇರುಗಳ ಮೌಲ್ಯ ಹೆಚ್ಚಿದ್ದಷ್ಟೂ ತೂಕ ಹೆಚ್ಚು. ನಾಲ್ಕೈದು ದೈತ್ಯ ಕಂಪನಿಗಳು ಏರಿದರೆ ಸಾಕು, ಉಳಿದವು ಇಳಿದರೂ ‘ಪೇಟೆಯಲ್ಲಿ ಗೂಳಿ ಓಟ’ ಎಂಬ ಸುದ್ದಿ ಬರುತ್ತದೆ. ‘ಸೆನ್ಸೆಕ್ಸ್ ದಾಖಲೆ ಏರಿಕೆ ಕಂಡರೂ ನನ್ನ ಷೇರು ಮಾತ್ರ ಏಕೆ ಏಳುತ್ತಿಲ್ಲ?’ ಎಂಬುದು ನಾನು ಅತಿ ಹೆಚ್ಚು ಬಾರಿ ಕೇಳಿಸಿಕೊಂಡ ಪ್ರಶ್ನೆ. ಉತ್ತರ ಬಹುಮಟ್ಟಿಗೆ ಇಷ್ಟೇ.

ಇನ್ನು ಆ 31 ಲಕ್ಷ ಕೋಟಿ. ಒಂದು ಕಂಪನಿಯ 10 ಕೋಟಿ ಷೇರುಗಳಿವೆ ಎಂದುಕೊಳ್ಳಿ. ನಿನ್ನೆ ಬೆಲೆ 100 ರೂಪಾಯಿ. ಇಂದು ಬರೀ 20 ಸಾವಿರ ಷೇರುಗಳು ಕೈ ಬದಲಾಯಿಸಿ, ದಿನದ ಕೊನೆಗೆ ಬೆಲೆ 95ಕ್ಕೆ ಬಂದು ನಿಂತಿತು. ಐದು ರೂಪಾಯಿಯನ್ನು 10 ಕೋಟಿಯಿಂದ ಗುಣಿಸಿ ‘50 ಕೋಟಿ ನಷ್ಟ’ ಎನ್ನುತ್ತಾರೆ. ಆ 50 ಕೋಟಿ ಯಾರ ಜೇಬಿನಿಂದಲೂ ಹೋಗಿಲ್ಲ, ಯಾರ ಜೇಬಿಗೂ ಬಂದಿಲ್ಲ. ವಹಿವಾಟೇ ನಡೆಸದವರ ಷೇರಿಗೂ ಹೊಸ ಬೆಲೆಯ ಚೀಟಿ ಅಂಟಿಸಿದ ಲೆಕ್ಕ ಅದು. ಮುಂದಿನ ವಾರ ಕಾಲೇಜು ಶುಲ್ಕ ಕಟ್ಟಲು ಅದೇ ಷೇರು ಮಾರಲೇಬೇಕಾದವರಿಗೆ ಮಾತ್ರ ಈ ಸಮಾಧಾನ ಯಾವ ಪ್ರಯೋಜನಕ್ಕೂ ಬರುವುದಿಲ್ಲ. ಅವರ ನಷ್ಟ ನಿಜವಾದದ್ದು.

ಎರಡನೆಯ ಹೆಜ್ಜೆ: ನಡೆದದ್ದನ್ನೂ ಹಚ್ಚಿದ ಕಾರಣವನ್ನೂ ಬಿಡಿಸಿ

ಕೆಲವು ವರ್ಷ ನಾನು ವಾಣಿಜ್ಯ ಪುಟದಲ್ಲಿ ಕೆಲಸ ಮಾಡಿದ್ದೆ. ಮಧ್ಯಾಹ್ನ 3.30ಕ್ಕೆ ಪೇಟೆಯ ವಹಿವಾಟು ಮುಗಿಯುತ್ತಿತ್ತು, ನಮ್ಮ ಕೆಲಸ ಆಗ ಶುರು: ಕಾರಣ ಹುಡುಕುವುದು. ಇಳಿದಿದ್ದರೆ ‘ಜಾಗತಿಕ ಮಾರುಕಟ್ಟೆಗಳಲ್ಲಿನ ದುರ್ಬಲ ವಹಿವಾಟು’. ಏನೂ ಸಿಗದ ದಿನ ‘ಲಾಭ ಗಳಿಕೆಯ ಉದ್ದೇಶದ ಮಾರಾಟ’. ಕಚ್ಚಾ ತೈಲ ಅಗ್ಗವಾಗಿ ಪೇಟೆ ಏರಿದರೆ ‘ಆಮದು ವೆಚ್ಚ ತಗ್ಗುವ ನಿರೀಕ್ಷೆ’, ಅದೇ ತೈಲ ಅಗ್ಗವಾಗಿ ಪೇಟೆ ಇಳಿದರೆ ‘ಜಾಗತಿಕ ಬೇಡಿಕೆ ಕುಸಿತದ ಆತಂಕ’. ಎರಡನ್ನೂ ನಾನೇ ಬರೆದಿದ್ದೇನೆ, ಒಂದೇ ವಾರದಲ್ಲಿ.

ಹಾಗೆಂದು ಕಾರಣಗಳೆಲ್ಲ ಸುಳ್ಳಲ್ಲ. ಭಾರತ ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಪಾಲನ್ನು ಆಮದು ಮಾಡಿಕೊಳ್ಳುತ್ತದೆ. ತೈಲ ದುಬಾರಿಯಾದರೆ ರೂಪಾಯಿಯ ಮೇಲೆ, ಹಣದುಬ್ಬರದ ಮೇಲೆ, ಬಣ್ಣ ಮತ್ತು ಟೈರ್ ಕಂಪನಿಗಳ ಲಾಭದ ಮೇಲೆ ಹೊಡೆತ ಬೀಳುವುದು ಖಚಿತ. ಆದರೆ ಆ ಹೊಡೆತ ತಿಂಗಳುಗಳಲ್ಲಿ ಕಾಣುವಂಥದ್ದು. ನಿರ್ದಿಷ್ಟವಾಗಿ ಇಂದು, ಇಷ್ಟೇ ಅಂಶ ಬೀಳಲು ಅದೇ ಕಾರಣ ಎಂದು ಹೇಳುವ ಉಪಕರಣ ಯಾರ ಬಳಿಯೂ ಇಲ್ಲ. ಸುದ್ದಿಯಲ್ಲಿ ‘ಕಾರಣ’, ‘ಆತಂಕ’, ‘ಹಿನ್ನೆಲೆಯಲ್ಲಿ’ ಎಂಬ ಪದಗಳಿರುವ ವಾಕ್ಯಗಳನ್ನು ಪೆನ್ಸಿಲ್‌ನಿಂದ ಹೊಡೆದುಹಾಕಿ. ಉಳಿದದ್ದು ಸುದ್ದಿ.

ವಿದೇಶಿ ಹೂಡಿಕೆದಾರರ ಮಾರಾಟದ ಸುದ್ದಿಗೂ ಇದೇ ಪರೀಕ್ಷೆ ಮಾಡಿ. 2024ರ ಅಕ್ಟೋಬರ್‌ನಲ್ಲಿ ಅವರು ಭಾರತದ ಷೇರುಗಳಿಂದ ಸುಮಾರು 94 ಸಾವಿರ ಕೋಟಿ ರೂಪಾಯಿ ಹಿಂತೆಗೆದುಕೊಂಡರು. ಅದೇ ತಿಂಗಳು ಮ್ಯೂಚುವಲ್ ಫಂಡ್, ವಿಮಾ ಕಂಪನಿಗಳಂಥ ದೇಶಿ ಸಂಸ್ಥೆಗಳು 1 ಲಕ್ಷ ಕೋಟಿಗೂ ಹೆಚ್ಚು ಮೊತ್ತದ ಷೇರು ಕೊಂಡವು. ಆದರೂ ಸೂಚ್ಯಂಕ ಶೇ 6ರ ಆಸುಪಾಸು ಇಳಿಯಿತು. ಮಾರಿದ ಪ್ರತಿ ಷೇರಿಗೂ ಕೊಂಡವರೊಬ್ಬರು ಇದ್ದೇ ಇರುತ್ತಾರೆ. ಯಾರಿಗೆ ಅವಸರವೋ ಅವರು ಬೆಲೆಯಲ್ಲಿ ಬಗ್ಗುತ್ತಾರೆ. ನಿಮಗೂ ಅವಸರವಿದೆಯೇ ಎಂಬುದಷ್ಟೇ ಇಲ್ಲಿ ನಿಮ್ಮ ಪ್ರಶ್ನೆ.

ಮೂರನೆಯ ಹೆಜ್ಜೆ: ‘ನಿರೀಕ್ಷೆ ಎಷ್ಟಿತ್ತು?’ ಎಂದು ಕೇಳಿ

ಬಡ್ಡಿ ಇಳಿದರೆ ಷೇರುಪೇಟೆ ಏರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. 2025ರಲ್ಲಿ ಏನಾಯಿತು ನೋಡೋಣ. ಆರ್‌ಬಿಐನ ಆರು ಸದಸ್ಯರ ಹಣಕಾಸು ನೀತಿ ಸಮಿತಿ ಫೆಬ್ರುವರಿ 7ರಂದು ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಅಲ್ಪಾವಧಿ ಸಾಲದ ಬಡ್ಡಿಯನ್ನು, ಶೇ 6.50ರಿಂದ 6.25ಕ್ಕೆ ಇಳಿಸಿತು. ಸುಮಾರು ಐದು ವರ್ಷಗಳಲ್ಲಿ ಮೊದಲ ಕಡಿತ. ಅಂದು ಸೆನ್ಸೆಕ್ಸ್ ಸುಮಾರು 198 ಅಂಶ ಇಳಿಯಿತು. ಏಪ್ರಿಲ್ 9ರಂದು ಮತ್ತೆ ಕಾಲು ಪರ್ಸೆಂಟ್ ಕಡಿತವಾಯಿತು. ಸೆನ್ಸೆಕ್ಸ್ ಸುಮಾರು 380 ಅಂಶ ಇಳಿಯಿತು. ಜೂನ್ 6ರಂದು ಮೂರನೆಯ ಕಡಿತವಾದಾಗ ಸುಮಾರು 747 ಅಂಶ ಜಿಗಿಯಿತು.

ಮೊದಲ ಎರಡು ಕಡಿತಗಳು ಮೊದಲೇ ಗೊತ್ತಿದ್ದ ಮದುವೆಯಂತೆ. ದಿನಾಂಕ, ಮೊತ್ತ ಎಲ್ಲವೂ ಪೇಟೆಗೆ ತಿಳಿದಿತ್ತು, ಬೆಲೆಯಲ್ಲಿ ಸೇರಿಯೂ ಆಗಿತ್ತು. ಏಪ್ರಿಲ್‌ನಲ್ಲಂತೂ ಅಮೆರಿಕದ ಆಮದು ಸುಂಕದ ಗದ್ದಲವೇ ಎಲ್ಲವನ್ನೂ ನುಂಗಿತ್ತು. ಜೂನ್‌ನಲ್ಲಿ ಕಾಲು ಪರ್ಸೆಂಟ್ ನಿರೀಕ್ಷಿಸಿದ್ದವರೇ ಹೆಚ್ಚು, ಬಂದದ್ದು ಅರ್ಧ ಪರ್ಸೆಂಟ್. ಜೊತೆಗೆ ಬ್ಯಾಂಕುಗಳು ಆರ್‌ಬಿಐನಲ್ಲಿ ಇಡಬೇಕಾದ ನಗದು ಮೀಸಲು ಅನುಪಾತದಲ್ಲೂ ನಾಲ್ಕು ಕಂತುಗಳಲ್ಲಿ ಒಂದು ಪರ್ಸೆಂಟ್ ಇಳಿಕೆ ಘೋಷಣೆಯಾಯಿತು. ಪೇಟೆ ಪ್ರತಿಕ್ರಿಯಿಸುವುದು ಸುದ್ದಿಗೂ ನಿರೀಕ್ಷೆಗೂ ನಡುವಿನ ಅಂತರಕ್ಕೆ. ಆದ್ದರಿಂದ ಯಾವುದೇ ಅಂಕಿ ಓದಿದಾಗ ಪಕ್ಕದಲ್ಲಿ ‘ನಿರೀಕ್ಷೆ’ ಎಂದು ಬರೆದು ಒಂದು ಖಾಲಿ ಜಾಗ ಬಿಡಿ. ಹಿಂದಿನ ದಿನದ ಪತ್ರಿಕೆಯಲ್ಲಿ ಅರ್ಥಶಾಸ್ತ್ರಜ್ಞರ ಅಂದಾಜು ಸಾಮಾನ್ಯವಾಗಿ ಇರುತ್ತದೆ. ಅದು ಸಿಗದಿದ್ದರೆ ಆ ಸುದ್ದಿ ಆಧರಿಸಿ ಖರೀದಿ, ಮಾರಾಟ ಬೇಡ.

ಜೂನ್ 6ರಂದು ಇನ್ನೊಂದು ಸಂಗತಿಯೂ ನಡೆಯಿತು. ದರ ಇಳಿಸಿದ ಸಮಿತಿಯೇ ತನ್ನ ನಿಲುವನ್ನು ‘ಹೊಂದಾಣಿಕೆ’ಯಿಂದ (ದರ ಇನ್ನೂ ಇಳಿಸುವತ್ತ ಒಲವು) ‘ತಟಸ್ಥ’ಕ್ಕೆ (ಯಾವ ಕಡೆಗೂ ಒಲವಿಲ್ಲ) ಬದಲಾಯಿಸಿತ್ತು. ಬಲಗೈಯಲ್ಲಿ ಬೆಲ್ಲ ಕೊಟ್ಟು, ಎಡಗೈಯಲ್ಲಿ ‘ಇನ್ನು ಬೇಗ ಕೇಳಬೇಡಿ’ ಎಂದ ಹಾಗೆ. ಆರ್‌ಬಿಐ ಹೇಳಿಕೆಯಲ್ಲಿ ದರದ ಸಾಲಿನಷ್ಟೇ ನಿಲುವಿನ ಸಾಲನ್ನೂ ಹುಡುಕಿ ಓದಿ.

ರೆಪೊ ಇಳಿಕೆಯಿಂದ ನಿಮಗೆ ಖಚಿತವಾಗಿ ಆಗುವ ಪರಿಣಾಮ ಷೇರುಪೇಟೆಯದ್ದಲ್ಲ, ಮನೆ ಸಾಲದ್ದು. 2019ರ ಅಕ್ಟೋಬರ್ 1ರ ನಂತರ ಬ್ಯಾಂಕುಗಳು ನೀಡಿದ ಬದಲಾಗುವ ಬಡ್ಡಿ ದರದ ಗೃಹ ಸಾಲಗಳು ರೆಪೊದಂಥ ಬಾಹ್ಯ ಮಾನದಂಡಕ್ಕೆ ಜೋಡಣೆಯಾಗಿವೆ. ಮೂರು ತಿಂಗಳಿಗೊಮ್ಮೆಯಾದರೂ ಬಡ್ಡಿ ಪರಿಷ್ಕರಣೆಯಾಗಬೇಕು. ನಿಮ್ಮ ಸಾಲ ಅದಕ್ಕಿಂತ ಹಳೆಯದಾಗಿ, ಹಳೆಯ ಪದ್ಧತಿಯಲ್ಲೇ ಉಳಿದಿದ್ದರೆ ಬ್ಯಾಂಕಿಗೆ ಹೋಗಿ ಬದಲಾಯಿಸಿಕೊಳ್ಳುವ ವೆಚ್ಚ ಕೇಳಿ. ಟಿ.ವಿ. ಮುಂದೆ ಕುಳಿತು ಬ್ಯಾಂಕ್ ಷೇರು ಆರಿಸುವುದಕ್ಕಿಂತ ಈ ಒಂದು ಭೇಟಿ ಹೆಚ್ಚು ಹಣ ಉಳಿಸೀತು.

ನಾಲ್ಕನೆಯ ಹೆಜ್ಜೆ: ಅಂಕಿ ಯಾವುದರ ಎದುರು ನಿಂತಿದೆ ಎಂದು ನೋಡಿ

2025ರ ಅಕ್ಟೋಬರ್‌ನಲ್ಲಿ ಚಿಲ್ಲರೆ ಹಣದುಬ್ಬರ ಶೇ 0.25ಕ್ಕೆ ಇಳಿದಿತ್ತು. ‘ಬೆಲೆ ಏರಿಕೆಯೇ ಇಲ್ಲ ಎನ್ನುತ್ತಾರೆ, ನಮ್ಮ ಮನೆಯ ಖರ್ಚು ಮಾತ್ರ ಹಾಗೇ ಇದೆಯಲ್ಲ’ ಎಂದು ಸಿಡುಕಿದವರು ಒಬ್ಬಿಬ್ಬರಲ್ಲ. ಹಿಂದಿನ ವರ್ಷದ ಅದೇ ತಿಂಗಳು ಹಣದುಬ್ಬರ ಶೇ 6.21 ಇತ್ತು ಎಂಬುದನ್ನು ಪಕ್ಕದಲ್ಲಿಡಿ. ಹಿಂದಿನ ವರ್ಷ 100ರಿಂದ 106.21ಕ್ಕೆ ಏರಿದ ಬುಟ್ಟಿ ಈ ವರ್ಷ 106.48 ಆಗಿದೆ, ಅಷ್ಟೇ. ಬೆಲೆ ನೂರಕ್ಕೆ ವಾಪಸು ಬಂದಿಲ್ಲ. ಏರಿದ ಜಾಗದಲ್ಲೇ ಕುಳಿತಿದೆ. ಹೋಲಿಕೆಗೆ ಇಟ್ಟ ಹಿಂದಿನ ಅಂಕಿ ದೊಡ್ಡದಿದ್ದರೆ ಇಂದಿನ ಏರಿಕೆ ಸಣ್ಣದಾಗಿ ಕಾಣುತ್ತದೆ, ಅದು ಸಣ್ಣದಿದ್ದರೆ ದೊಡ್ಡದಾಗಿ ಕಾಣುತ್ತದೆ. ಆ ತಿಂಗಳು ತರಕಾರಿ, ಬೇಳೆ ನಿಜಕ್ಕೂ ಅಗ್ಗವಾಗಿದ್ದವು ಎಂಬುದೂ ಸರಿ. 2012 ಮೂಲ ವರ್ಷದ ಆ ಸರಣಿಯಲ್ಲಿ ಆಹಾರ ಮತ್ತು ಪಾನೀಯಗಳ ಪಾಲು ಸುಮಾರು ಶೇ 46. ಹಾಗಾಗಿ ಟೊಮೆಟೊ, ಈರುಳ್ಳಿ ಮುನಿದರೂ ನಕ್ಕರೂ ಇಡೀ ಸೂಚ್ಯಂಕ ಅಲುಗಾಡುತ್ತಿತ್ತು. ಬಾಡಿಗೆ, ಶಾಲಾ ಶುಲ್ಕ, ಔಷಧಗಳಿಗೇ ಹೆಚ್ಚು ಖರ್ಚು ಮಾಡುವ ಮನೆಯ ಹಣದುಬ್ಬರ ಬೇರೆಯೇ.

ಜಿಡಿಪಿ ಸುದ್ದಿಯಲ್ಲಿ ಒಂದು ವಿಷಯ ಮಾತ್ರ ಗಮನಿಸಿ. ಶೀರ್ಷಿಕೆಯಲ್ಲಿ ಬರುವುದು ಹಣದುಬ್ಬರ ಕಳೆದ ನೈಜ ಬೆಳವಣಿಗೆ ದರ. ಕಂಪನಿಗಳ ಮಾರಾಟ ನಡೆಯುವುದು ಇಂದಿನ ರೂಪಾಯಿಯಲ್ಲಿ. ಹಣದುಬ್ಬರ ತೀರಾ ಕಡಿಮೆ ಇದ್ದಾಗ ನೈಜ ಜಿಡಿಪಿ ಕುದುರೆಯಂತೆ ಓಡಿದರೂ ಕಂಪನಿಗಳ ವರಮಾನ ಕುಂಟಬಹುದು. ‘ಆರ್ಥಿಕತೆ ಇಷ್ಟು ಚೆನ್ನಾಗಿದ್ದರೂ ಷೇರು ಏಕೆ ಏಳುತ್ತಿಲ್ಲ’ ಎಂದು ಅನಿಸಿದಾಗ ಅದೇ ವರದಿಯಲ್ಲಿ ‘ಪ್ರಸಕ್ತ ಬೆಲೆಗಳಲ್ಲಿ’ ಎಂಬ ಸಾಲು ಹುಡುಕಿ.

ಐದನೆಯ ಹೆಜ್ಜೆ: ಕಂಪನಿಯ ಸುದ್ದಿಯಾದರೆ ಕಾಗದವನ್ನೇ ತೆರೆಯಿರಿ

ಮೊದಲ ಮೂರು ತ್ರೈಮಾಸಿಕಗಳ ಫಲಿತಾಂಶವನ್ನು ಅವಧಿ ಮುಗಿದ 45 ದಿನಗಳೊಳಗೆ, ವಾರ್ಷಿಕ ಫಲಿತಾಂಶವನ್ನು 60 ದಿನಗಳೊಳಗೆ ಪ್ರಕಟಿಸಬೇಕೆಂಬುದು ನೋಂದಾಯಿತ ಕಂಪನಿಗಳಿಗೆ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ವಿಧಿಸಿರುವ ನಿಯಮ. ಕಂಪನಿ ಸಲ್ಲಿಸಿದ ಮೂಲ ಪ್ರತಿ ಮುಂಬೈ ಮತ್ತು ರಾಷ್ಟ್ರೀಯ ಷೇರುಪೇಟೆಗಳ (ಬಿಎಸ್‌ಇ, ಎನ್‌ಎಸ್‌ಇ) ಜಾಲತಾಣಗಳಲ್ಲಿ ಕಂಪನಿಯ ಹೆಸರಿನಡಿ ಉಚಿತವಾಗಿ ಸಿಗುತ್ತದೆ. ಅದನ್ನು ತೆರೆಯುವವರು ಕಡಿಮೆ.

‘ನಿವ್ವಳ ಲಾಭ ಶೇ 40 ಹೆಚ್ಚಳ’ ಎಂಬ ಸುದ್ದಿ ಬಂದಿದೆ ಎನ್ನಿ. ಲಾಭ 100 ಕೋಟಿಯಿಂದ 140 ಕೋಟಿಗೆ ಏರಿದೆ. ಕಾಗದ ತೆರೆದಾಗ ‘ಅಸಾಧಾರಣ ಬಾಬ್ತು’ ಎಂಬ ಸಾಲಿನಲ್ಲಿ 60 ಕೋಟಿ ಇದೆ. ಕೆಳಗಿನ ಟಿಪ್ಪಣಿಯಲ್ಲಿ, ಹಳೆಯ ಕಾರ್ಖಾನೆಯ ಜಾಗ ಮಾರಿದ್ದು ಎಂದಿದೆ. ತೆರಿಗೆಯ ಗೊಡವೆ ಬಿಟ್ಟು ಲೆಕ್ಕ ಹಾಕಿದರೆ, ವ್ಯಾಪಾರದಿಂದ ಬಂದ ಲಾಭ 80 ಕೋಟಿ. ಶೇ 40 ಏರಿಕೆಯ ಸುದ್ದಿಯೊಳಗೆ ಶೇ 20ರ ಇಳಿಕೆ ಅಡಗಿ ಕುಳಿತಿದೆ. ಜಾಗವನ್ನು ಮುಂದಿನ ವರ್ಷ ಮತ್ತೊಮ್ಮೆ ಮಾರಲಾಗದು. ‘ಇತರ ಆದಾಯ’ ಎಂಬ ಸಾಲಿಗೂ ಇದೇ ಅನುಮಾನ ಇರಲಿ. ಹೋಲಿಕೆಯನ್ನು ಹಿಂದಿನ ವರ್ಷದ ಅದೇ ತ್ರೈಮಾಸಿಕದ ಜೊತೆ ಮಾಡಿ. ಫ್ಯಾನ್ ಮಾರುವ ಕಂಪನಿಯ ಬೇಸಿಗೆಯನ್ನು ಅದರ ಚಳಿಗಾಲದ ಜೊತೆ ತೂಗಿದರೆ ಯಾವ ಅರ್ಥವೂ ಹೊರಡದು. ಅಂಗಸಂಸ್ಥೆಗಳನ್ನೂ ಸೇರಿಸಿದ ಕ್ರೋಡೀಕೃತ ಲೆಕ್ಕವನ್ನೇ ನೋಡಿ.

‘ಶೇ 500 ಲಾಭಾಂಶ’ ಎಂಬುದು ನನಗೆ ಬಲು ಪ್ರಿಯವಾದ ಶೀರ್ಷಿಕೆ. ಲಾಭಾಂಶದ ಶೇಕಡಾವಾರು ಲೆಕ್ಕ ಹಾಕುವುದು ಷೇರಿನ ಮುಖಬೆಲೆಯ ಮೇಲೆ. ಮುಖಬೆಲೆ 2 ರೂಪಾಯಿ ಇದ್ದರೆ ಶೇ 500 ಎಂದರೆ 10 ರೂಪಾಯಿ. ಆ ಷೇರಿನ ಪೇಟೆ ಬೆಲೆ 2,000 ರೂಪಾಯಿ ಇದ್ದರೆ ನಿಮಗೆ ಸಿಕ್ಕಿದ್ದು ಶೇ 0.5. ಒಂದಕ್ಕೊಂದು ಬೋನಸ್ ಷೇರು ಕೊಟ್ಟಾಗಲೂ ಅಷ್ಟೇ: ಷೇರುಗಳ ಸಂಖ್ಯೆ ಎರಡು ಪಟ್ಟಾಗುತ್ತದೆ, ಬೆಲೆ ಹೆಚ್ಚೂಕಡಿಮೆ ಅರ್ಧಕ್ಕೆ ಬರುತ್ತದೆ. ಒಂದು ಹೋಳಿಗೆಯನ್ನು ಎರಡು ತುಂಡು ಮಾಡಿದರೆ ಹೋಳಿಗೆ ದೊಡ್ಡದಾಗುವುದಿಲ್ಲ. ಅಂದು ಬೆಳಿಗ್ಗೆ ಮೊಬೈಲ್‌ನಲ್ಲಿ ‘ಶೇ 50 ಕುಸಿತ’ ಎಂದು ಕಂಡರೆ ಗಾಬರಿಯಾಗದೆ ಡಿಮ್ಯಾಟ್ ಖಾತೆಗೆ ಹೊಸ ಷೇರುಗಳು ಬರುವವರೆಗೆ ಕಾಯಿರಿ.

ಷೇರುದಾರಿಕೆಯ ವಿವರ ತ್ರೈಮಾಸಿಕ ಮುಗಿದ 21 ದಿನಗಳೊಳಗೆ ಪ್ರಕಟವಾಗುತ್ತದೆ. ಪ್ರವರ್ತಕರು, ಅಂದರೆ ಕಂಪನಿಯ ಹಿಡಿತ ಹೊಂದಿರುವವರು, ಸಾಲಕ್ಕಾಗಿ ತಮ್ಮ ಷೇರುಗಳಲ್ಲಿ ಎಷ್ಟನ್ನು ಅಡಮಾನವಿಟ್ಟಿದ್ದಾರೆ ಎಂಬ ಅಂಕಣ ಅದರಲ್ಲಿದೆ. ಅದು ತ್ರೈಮಾಸಿಕದಿಂದ ತ್ರೈಮಾಸಿಕಕ್ಕೆ ಏರುತ್ತಿದ್ದರೆ ಉಳಿದ ಸಿಹಿ ಸುದ್ದಿಗಳನ್ನೆಲ್ಲ ಅನುಮಾನದಿಂದ ಓದಬೇಕು.

ಆರನೆಯ ಹೆಜ್ಜೆ: ಹೇಳಿದವರು ಯಾರು?

ಹೂಡಿಕೆ ಸಲಹೆಗಾರರ ಸೆಬಿ ನೋಂದಣಿ ಸಂಖ್ಯೆ ‘ಐಎನ್‌ಎ’ ಎಂದೂ ಸಂಶೋಧನಾ ವಿಶ್ಲೇಷಕರದ್ದು ‘ಐಎನ್‌ಎಚ್’ ಎಂದೂ ಶುರುವಾಗುತ್ತದೆ. ಸೆಬಿ ಜಾಲತಾಣದಲ್ಲಿ ಆ ಸಂಖ್ಯೆ ಮತ್ತು ಹೆಸರು ಎರಡೂ ತಾಳೆಯಾಗಬೇಕು. ಇಲ್ಲದಿದ್ದರೆ ಅವರ ಮಾತಿಗೆ ಬಸ್ಸಿನಲ್ಲಿ ಪಕ್ಕ ಕುಳಿತವರ ಮಾತಿಗಿರುವಷ್ಟೇ ಬೆಲೆ. ದಿನವೂ ಮೇಲ್ಮಿತಿಗೆ (ಒಂದು ದಿನದಲ್ಲಿ ಬೆಲೆ ಏರಬಹುದಾದ ಗರಿಷ್ಠ ಮಟ್ಟ) ಅಂಟಿಕೊಂಡಿರುವ ಅಗ್ಗದ ಷೇರಿನ ಬಗ್ಗೆ ಟೆಲಿಗ್ರಾಂನಲ್ಲಿ ಸಲಹೆ ಬಂದರೆ ನೆನಪಿಡಿ: ಮಾರಲು ಕಾದಿರುವವರಿಗೆ ಕೊಳ್ಳುವವರು ಬೇಕಾಗಿದ್ದಾರೆ. ಫ್ಯೂಚರ್ಸ್ ಮತ್ತು ಆಪ್ಷನ್ಸ್, ಅಂದರೆ ಮುಂದಿನ ದಿನಾಂಕದ ಬೆಲೆಯ ಮೇಲೆ ನಡೆಯುವ ಒಪ್ಪಂದಗಳ ವಹಿವಾಟಿನ ಬಗ್ಗೆ ನಾನು ಸಲಹೆ ಕೊಡುವುದಿಲ್ಲ. 2021–22ರಿಂದ 2023–24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಅಲ್ಲಿ ವಹಿವಾಟು ನಡೆಸಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದ್ದಾರೆ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ಎಂದು ಸೆಬಿಯ ಅಧ್ಯಯನವೇ ಹೇಳಿದೆ.

ಏಳನೆಯ ಹೆಜ್ಜೆ: ಗುಂಡಿ ಒತ್ತುವ ಮೊದಲು ಒಂದು ಪುಟ ಬರೆಯಿರಿ

ತೆರಿಗೆಯ ಲೆಕ್ಕ ಮೊದಲು. 2024ರ ಜುಲೈ 23ರಿಂದ ಜಾರಿಯಲ್ಲಿರುವ ದರದಂತೆ, ನೋಂದಾಯಿತ ಷೇರು ಅಥವಾ ಈಕ್ವಿಟಿ ಫಂಡನ್ನು ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡು ಮಾರಿದರೆ ಆ ಹಣಕಾಸು ವರ್ಷದ 1.25 ಲಕ್ಷ ರೂಪಾಯಿ ಲಾಭದವರೆಗೆ ತೆರಿಗೆಯಿಲ್ಲ, ಅದರಾಚೆಗೆ ಶೇ 12.5. ಅದಕ್ಕೂ ಮೊದಲೇ ಮಾರಿದರೆ ಶೇ 20. ಸೆಸ್ ಬೇರೆ. ಹನ್ನೊಂದು ತಿಂಗಳು ಇಟ್ಟುಕೊಂಡು, ಒಂದು ಸುದ್ದಿಗೆ ಬೆದರಿ ಮಾರುವುದಕ್ಕೆ ಇಷ್ಟು ದಂಡ. ‘ಇಳಿದಾಗ ಮತ್ತೆ ಕೊಳ್ಳುತ್ತೇನೆ’ ಎನ್ನುವವರು ಈ ಮೊತ್ತವನ್ನೂ ಸೇರಿಸಿ ಎಷ್ಟು ಇಳಿಯಬೇಕು ಎಂದು ಲೆಕ್ಕ ಹಾಕಲಿ.

ಆಮೇಲೆ ಪುಟ. ಅಂದು ಫೋನ್ ಮಾಡಿದ ಪರಿಚಿತರು ಈಗ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಅದರ ಮೊದಲ ಪುಟವನ್ನು ನಾವಿಬ್ಬರೂ ಕುಳಿತು ಜೂನ್ 4ರ ಮಧ್ಯಾಹ್ನಕ್ಕಾಗಿ ತಡವಾಗಿ ತುಂಬಿಸಿದೆವು:

ಸುದ್ದಿ: ಫಲಿತಾಂಶ ಎಕ್ಸಿಟ್ ಪೋಲ್‌ಗಳು ಹೇಳಿದ ಹಾಗೆ ಬರುತ್ತಿಲ್ಲ.
ನಿರೀಕ್ಷೆ: ಭಾರಿ ಬಹುಮತ. ಅದನ್ನು ನಂಬಿ ಪೇಟೆ ನಿನ್ನೆಯೇ ಶೇ 3ಕ್ಕೂ ಹೆಚ್ಚು ಏರಿತ್ತು.
ಇಳಿಕೆ: ಸುಮಾರು ಶೇ 6. ನನ್ನ ಹಣದಲ್ಲಿ: 8 ಲಕ್ಷಕ್ಕೆ 48 ಸಾವಿರ.
ಈ ಹಣ ಬೇಕಾಗಿರುವುದು: ಮಗಳ ಓದಿಗೆ, 2031ರಲ್ಲಿ.
ಹೂಡಿದ್ದ ಕಾರಣ: ದೇಶದ ದೊಡ್ಡ ಕಂಪನಿಗಳ ಲಾಭ ಮುಂದಿನ ಹತ್ತು ವರ್ಷ ಬೆಳೆಯುತ್ತದೆ ಎಂಬ ನಂಬಿಕೆ.
ಆ ಕಾರಣ ಇಂದು ಬದಲಾಗಿದೆಯೇ:

ಈ ಕೊನೆಯ ಸಾಲಿನ ಮುಂದೆ ಅವರು ಪೆನ್ನು ಹಿಡಿದು ತುಂಬ ಹೊತ್ತು ಕುಳಿತಿದ್ದರು.